ಬರಣದಲ್ಲಿ ಹಾರುವ ಓತಿ ಮೊಟ್ಟೆಯಿಟ್ಟಿದೆ, ನಾಳೆ ಮಣ್ಣು ಹಾಕಿಸಬೇಕು: ಏನು ಮಾಡಲಿ?

ತೋಟದಮನೆ, ಶಿರಸಿ
ಏಪ್ರಿಲ್ 19, ರಾತ್ರಿ 8:10

ನಮಸ್ಕಾರ. ನಾಳೆ ಬೆಳಗ್ಗೆ ಏಳಕ್ಕೆ ಕೆಲಸದವರು ಬರುತ್ತಾರೆ. ಅಷ್ಟರೊಳಗೆ ತಿಳಿದವರು ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ನಮ್ಮದು ಘಟ್ಟದ ಅಂಚಿನ ಕಣಿವೆಯಲ್ಲಿರುವ ಒಂದೂವರೆ ಎಕರೆ ಅಡಿಕೆ ತೋಟ. ಈ ವರ್ಷ ಹೊಸಮಣ್ಣು ಹಾಕಿಸುವ ಸರದಿ. ಎಲ್ಲಿಂದ ಶುರು ಮಾಡಿಸುವುದೆಂದು ನೋಡಲು ಇಂದು ಹನ್ನೊಂದರ ಹೊತ್ತಿಗೆ ಕೆಳಗಿನ ಬರಣಕ್ಕೆ, ಅಂದರೆ ಎರಡು ಕಾಲುವೆಗಳ ನಡುವಿನ ಅಡಿಕೆ ಮರಗಳ ಪಟ್ಟೆಗೆ, ಇಳಿದಿದ್ದೆ. ಒಂದು ಮರದ ಬುಡದಿಂದ ಎರಡು ಮಾರು ದೂರದಲ್ಲಿ ಒಣಗಿದ ಎಲೆಯ ದರಕು ಅಲುಗಿತು. ಹಾವಿರಬಹುದೆಂದು ಅಲ್ಲೇ ನಿಂತೆ. ಹಾವಲ್ಲ, ಓತಿ. ಮೂತಿಯನ್ನು ಮಣ್ಣಿಗೆ ಒತ್ತಿ, ತಲೆಯನ್ನು ಆಚೆ ಈಚೆ ಹೊರಳಿಸಿ ಕುಳಿ ತೋಡುತ್ತಿತ್ತು. ಪಕ್ಕೆಗೆ ಮಡಿಸಿಕೊಂಡ ಪೊರೆ ಕಂಡ ಮೇಲೆ ತಿಳಿಯಿತು, ಇದು ಹಾರುವ ಓತಿ ಎಂದು. ಹುಟ್ಟಿದಾಗಿನಿಂದ ಇದೇ ತೋಟದಲ್ಲಿ ಓಡಾಡಿದ್ದೇನೆ. ಈ ಓತಿಯನ್ನು ಮರದಿಂದ ಮರಕ್ಕೆ ತೇಲುವಾಗ ಮಾತ್ರ ನೋಡಿದ್ದೆ, ನೆಲದ ಮೇಲೆ ಒಂದು ದಿನವೂ ಕಂಡಿರಲಿಲ್ಲ.

ಮುಕ್ಕಾಲು ಗಂಟೆ ಕಾದಿಗೆಯ (ಬಸಿಗಾಲುವೆಯ) ಆಚೆ ಬದಿಯಲ್ಲಿ ಕುಳಿತು ನೋಡಿದೆ. ಮೊಟ್ಟೆಯಿಟ್ಟಿತು. ಎಷ್ಟೆಂದು ಕಾಣಲಿಲ್ಲ. ಆಮೇಲೆ ಮಣ್ಣನ್ನು ಎಳೆದು ಮುಚ್ಚಿ, ಗಲ್ಲದಿಂದ ತಟ್ಟಿ ತಟ್ಟಿ ಸಮ ಮಾಡಿತು. ನಮ್ಮ ಆಯಿ ಒಲೆಯ ಕಟ್ಟೆಗೆ ಸಗಣಿ ಸಾರಿಸಿ ಅಂಗೈಯಿಂದ ತಟ್ಟುತ್ತಿದ್ದುದು ನೆನಪಾಯಿತು. ಬಳಿಕ ಮರ ಹತ್ತಿ ಮರೆಯಾಯಿತು. ಈಗ ಆ ಜಾಗ ಯಾವುದೆಂದು ಗುರುತಿಸುವುದೂ ಕಷ್ಟ. ಮೇಲೊಂದು ಅಡಿಕೆ ಹಾಳೆ ಮುಚ್ಚಿ, ಎರಡು ಗೂಟ ನೆಟ್ಟು ಬಂದಿದ್ದೇನೆ.

ನಾಳೆ ಅಲ್ಲಿ ಅರ್ಧ ಅಡಿ ಮಣ್ಣು ಬೀಳಬೇಕು. ಮೊಟ್ಟೆಗಳನ್ನು ಎತ್ತಿ ಬೇರೆ ಕಡೆ ಹೂಳಬಹುದೇ?

ಜೀವಜಾಲ, ಕುಮಟಾ
ಏಪ್ರಿಲ್ 19, ರಾತ್ರಿ 8:42

ಅಕ್ಕ, ದಯವಿಟ್ಟು ಎತ್ತಬೇಡಿ. ಸರೀಸೃಪಗಳ ಮೊಟ್ಟೆ ಕೋಳಿ ಮೊಟ್ಟೆಯಂತಲ್ಲ. ಒಳಗಿನ ಭ್ರೂಣ ಬಹುಬೇಗ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಮೊಟ್ಟೆ ತಿರುವುಮುರುವಾದರೆ ಅದು ಸಾಯುವ ಸಂಭವವೇ ಹೆಚ್ಚು. ಇದ್ದಲ್ಲೇ ಇರಲಿ. ಆದರೆ ಅರ್ಧ ಅಡಿ ಮಣ್ಣು ಬಿದ್ದರೆ ಮರಿಗಳು ಮೇಲೆ ಬರಲಾರವು. ತಾಯಿ ತೋಡಿದ ಕುಳಿಯೇ ಕೆಲವು ಬೆರಳಿನಷ್ಟು ಆಳ ಇದ್ದೀತು.

ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಿಮ್ಮ ಓತಿಯ ವೈಜ್ಞಾನಿಕ ಹೆಸರು ಡ್ರೇಕೋ ಡುಸ್ಸುಮಿಯೇರಿ. ಹೆಸರಿಟ್ಟವರು ಫ್ರಾನ್ಸಿನ ಡ್ಯುಮೆರಿಲ್ ಮತ್ತು ಬಿಬ್ರೋನ್, 1837ರಲ್ಲಿ. ಮಲಬಾರ್ ತೀರದಿಂದ ಪ್ರಾಣಿಗಳನ್ನು ಸಂಗ್ರಹಿಸಿ ಕಳುಹಿಸುತ್ತಿದ್ದ ಡುಸ್ಸುಮಿಯೆ ಎಂಬ ಸಮುದ್ರಯಾನಿಯ ನೆನಪಿಗೆ ಆ ಹೆಸರು. ಡ್ರೇಕೋ ಕುಲದ ಹೆಚ್ಚಿನ ಪ್ರಭೇದಗಳು ಇರುವುದು ಆಗ್ನೇಯ ಏಷ್ಯಾದ ಕಾಡುಗಳಲ್ಲಿ. ದಕ್ಷಿಣ ಭಾರತಕ್ಕೆ ಇದೊಂದೇ.

ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮರಿಯಾಗಲು ಸುಮಾರು 50 ದಿನ. ಜೂನ್ 8ರವರೆಗೆ ಆ ಒಂದು ಚೌಕವನ್ನು ಬಿಟ್ಟುಕೊಡಲು ಸಾಧ್ಯವೇ? ಸುತ್ತ ಒಂದು ಮಾರು ಸಾಕು. ಇನ್ನೊಂದು ಮಾತು: ಹಾಳೆಯನ್ನು ನೆಲಕ್ಕೆ ತಾಗಿಸಬೇಡಿ, ಗೂಟದ ಮೇಲೆ ಚಪ್ಪರದ ಹಾಗೆ ಎತ್ತರಿಸಿ ಕಟ್ಟಿ. ಮಣ್ಣಿಗೆ ಈವರೆಗೆ ಬೀಳುತ್ತಿದ್ದ ಬಿಸಿಲು, ಗಾಳಿ ಹಾಗೆಯೇ ಬೀಳಲಿ.

ಬೆಟ್ಟಸೊಪ್ಪು, ಸಿದ್ದಾಪುರ
ಏಪ್ರಿಲ್ 19, ರಾತ್ರಿ 9:30

ತಂಗಿ, ಒಂದು ಚೌಕ ಬಿಡುವುದು ದೊಡ್ಡದಲ್ಲ, ಬಿಡು. ಆದರೆ ಇಂಥ ಮಾತು ಶುರುವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನನಗೆ ಗೊತ್ತು. ನಾಳೆ ಔಷಧಿ ಹೊಡೆಯಬೇಡಿ ಎನ್ನುತ್ತಾರೆ, ನಾಡಿದ್ದು ಕಳೆ ಕೊಚ್ಚಬೇಡಿ ಎನ್ನುತ್ತಾರೆ. ಎಲೆಚುಕ್ಕಿ ರೋಗಕ್ಕೆ ನನ್ನ ತೋಟದ ಮೇಲಿನ ಭಾಗ ಸೋಗೆ ಒಣಗಿ ನಿಂತಿದೆ. ಕೊಳೆರೋಗ ಬಂದ ವರ್ಷ ನೆಲದ ತುಂಬ ಹಸಿ ಅಡಿಕೆ ಉದುರಿದ್ದನ್ನು ನೋಡಿದವನಿಗೆ ಮಾತ್ರ ಆ ಸಂಕಟ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನಮ್ಮ ಅಪ್ಪಯ್ಯನ ಕಾಲದಿಂದ ಇದೇ ಲೆಕ್ಕ. ಅಷ್ಟು ವರ್ಷದಿಂದ ಹೊಡೆದೂ ಓತಿ ಉಳಿದಿದೆಯಲ್ಲ.

ಮರದ ಪ್ರೀತಿಯ ಪಾಠ ನನಗೆ ಬೇಡ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯವರು ಕಾಡಿಗೆ ನುಗ್ಗಿ ಮರ ಅಪ್ಪಿಕೊಂಡ ಸುದ್ದಿ ಬಂದಾಗ ನಾನು ಮೀಸೆ ಚಿಗುರುತ್ತಿದ್ದ ಹುಡುಗ. ಆ ‘ಅಪ್ಪಿಕೋ’ ಚಳವಳಿಯ ಪಾದಯಾತ್ರೆಯಲ್ಲಿ ಬರಿಗಾಲಿನಲ್ಲಿ ನಡೆದಿದ್ದೇನೆ.

ಅಲ್ಲದೆ ಈ ಓತಿ ಅಳಿವಿನ ಪಟ್ಟಿಯಲ್ಲಿ ಇದೆಯೇ? ಮೇಷ್ಟ್ರು ಯಾರಾದರೂ ಹೇಳಲಿ.

ಕಾಳಿತೀರ, ಕಾರವಾರ
ಏಪ್ರಿಲ್ 20, ಬೆಳಗ್ಗೆ 6:15

ಪ್ರಶ್ನೆ ನ್ಯಾಯವಾಗಿದೆ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಹಾರುವ ಓತಿ ಇರುವುದು ‘ಕಡಿಮೆ ಆತಂಕ’ದ ವರ್ಗದಲ್ಲಿ. ನಮ್ಮ ದಾಂಡೇಲಿಯ ದೊಡ್ಡ ಮಂಗಟ್ಟೆ ಹಕ್ಕಿ ‘ದುರ್ಬಲ’ ವರ್ಗದಲ್ಲಿದೆ, ಅಘನಾಶಿನಿ ಕೊಳ್ಳದ ಸಿಂಗಳೀಕ ಅದಕ್ಕಿಂತಲೂ ಹೆಚ್ಚಿನ ಅಪಾಯದಲ್ಲಿದೆ. ಆ ಲೆಕ್ಕಕ್ಕೆ ಓತಿಗೆ ಏನೂ ಆಗಿಲ್ಲ.

ಆದರೆ ಆ ಪಟ್ಟಿ ಕೇಳುವುದು ಬೇರೆ ಪ್ರಶ್ನೆ. ಒಂದು ಜೀವಿ ಅದರ ಇಡೀ ಹರವಿನಲ್ಲಿ ಅಳಿಯುವ ಸಂಭವ ಎಷ್ಟು ಎಂದು ಅದು ಅಳೆಯುತ್ತದೆ. ಗೋವೆಯಿಂದ ಕೇರಳದ ತುದಿಯವರೆಗೆ ಘಟ್ಟದುದ್ದಕ್ಕೂ ಇದೆಯಲ್ಲ, ಹಾಗಾಗಿ ಸದ್ಯಕ್ಕೆ ಕ್ಷೇಮ ಎನ್ನುತ್ತದೆ. ನನ್ನ ಊರಿನ ಗುಡ್ಡದಲ್ಲಿ ಇದೆಯೇ, ನಿಮ್ಮ ಬರಣದಲ್ಲಿ ಮುಂದಿನ ವರ್ಷ ಇರುತ್ತದೆಯೇ ಎಂದು ಪಟ್ಟಿಗೆ ಹೇಗೆ ತಿಳಿಯಬೇಕು? ನಾನು ಕದ್ರಾ ಕಡೆಯ ಶಾಲೆಯೊಂದರಲ್ಲಿ ಹದಿನಾರು ವರ್ಷ ಪಾಠ ಮಾಡಿದವನು. ಅಂಗಳದ ಅಂಚಿನಲ್ಲಿ ಸಾಲು ಮರಗಳಿದ್ದವು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಗಂಡು ಓತಿ ಗಂಟಲ ಕೆಳಗಿನ ನಿಂಬೆ ಹಳದಿ ಬಾವುಟವನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಮಾಡುತ್ತಿತ್ತು. ಮಕ್ಕಳು ಊಟ ಬಿಟ್ಟು ಕಿಟಕಿಗೆ ಮುತ್ತುತ್ತಿದ್ದರು. ಕಟ್ಟಡ ವಿಸ್ತರಿಸಲು ಮರಗಳನ್ನು ತೆಗೆದರು. ಬಯಲಿನ ಆಚೆ, ನೂರು ಹೆಜ್ಜೆ ದೂರದಲ್ಲಿ ಕಾಡು ಹಾಗೆಯೇ ಇತ್ತು. ಆದರೆ ನಮ್ಮ ಅಂಗಳಕ್ಕೆ ಓತಿ ಮತ್ತೆ ಬರಲಿಲ್ಲ. ನಾನು ನಿವೃತ್ತನಾಗುವವರೆಗೂ ಬರಲಿಲ್ಲ.

ತಂಗಿ, ಏಳು ಗಂಟೆಗೆ ಮೊದಲು ಇದನ್ನು ಓದುತ್ತೀಯೆಂದು ಬರೆದೆ. ಆ ಚೌಕವನ್ನು ಬಿಡು.

ತೋಟದಮನೆ, ಶಿರಸಿ
ಏಪ್ರಿಲ್ 20, ಮಧ್ಯಾಹ್ನ 1:05

ಬಿಟ್ಟೆ, ಮೇಷ್ಟ್ರೇ. ಒಂದು ಚೌಕವಲ್ಲ, ಆ ಬರಣದ ಕೆಳತುದಿಯನ್ನೇ ಬಿಟ್ಟೆ. ಅಲ್ಲಿಗೆ ಮುಂದಿನ ವರ್ಷ ಮಣ್ಣು. ಹಾಳೆಯನ್ನು ಚಪ್ಪರ ಮಾಡಿ ಕಟ್ಟಿದ್ದೇನೆ. ಕೆಲಸದವರಲ್ಲಿ ಹಿರಿಯರೊಬ್ಬರು ಬುಟ್ಟಿ ಕೆಳಗಿಟ್ಟು, ಕಾದಿಗೆ ದಾಟಿ ಹೋಗಿ ನೋಡಿ ಬಂದರು. “ಓತಿ ನೆಲಕ್ಕೆ ಇಳಿಯುತ್ತದೆಯೇ?” ಎಂದು ನನ್ನನ್ನೇ ಕೇಳಿದರು. ನಲವತ್ತು ವರ್ಷ ತೋಟದಲ್ಲಿ ದುಡಿದವರು ಅವರು.

ನಿನ್ನೆಯಿಂದ ನನ್ನ ತಲೆಯಲ್ಲಿ ಇದೇ ತಿರುಗುತ್ತಿದೆ. ಊಟ, ನಿದ್ದೆ, ಜಗಳ, ಜೋಡಿ ಎಲ್ಲವೂ ಮರದ ಮೇಲೆಯೇ ನಡೆಯುವ ಪ್ರಾಣಿ ಇದು. ಬೆಳಗ್ಗೆಯಿಂದ ಸಂಜೆಯವರೆಗೆ ಕಾಂಡದ ಮೇಲೆ ಸಾಲು ಹೋಗುವ ಇರುವೆಗಳನ್ನು ಹೆಕ್ಕಿ ತಿನ್ನುತ್ತಾ ಮೇಲಕ್ಕೇರುತ್ತದೆ, ತುದಿಯಿಂದ ಪಕ್ಕದ ಮರಕ್ಕೆ ತೇಲುತ್ತದೆ, ಮತ್ತೆ ಏರುತ್ತದೆ. ನೆಲದ ಹಂಗೇ ಇಲ್ಲ. ಹೆಣ್ಣು ಮಾತ್ರ ಇಳಿಯುತ್ತದೆ, ಮೊಟ್ಟೆಗಾಗಿ ಮಾತ್ರ. ಹಾಗೆ ಇಳಿಯುವ ಒಂದು ಗಂಟೆ ಮತ್ತು ಆಮೇಲಿನ ಐವತ್ತು ದಿನ, ಇಡೀ ಸಂತಾನದ ಹಣೆಬರಹ ನಮ್ಮ ಗುದ್ದಲಿಯ ಕೆಳಗೆ ಇರುತ್ತದೆ. ಮರ ಉಳಿಸಿದರೆ ಓತಿ ಉಳಿಯಿತು ಎಂದುಕೊಂಡಿದ್ದೆ. ಮರದ ಬುಡದ ಮಣ್ಣನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕ್ಯಾಮೆರಾ ಹುಡುಗ, ಯಲ್ಲಾಪುರ
ಏಪ್ರಿಲ್ 20, ಸಂಜೆ 5:50

ಅಕ್ಕ, ಊರಿನ ಹೆಸರು ಬರೆಯದೆ ಇದ್ದದ್ದು ಒಳ್ಳೆಯದಾಯಿತು. ದಯವಿಟ್ಟು ಮುಂದೆಯೂ ಬರೆಯಬೇಡಿ.

ಹೇಳಲೇಬೇಕಾದ ಒಂದು ವಿಷಯವಿದೆ. ನಾಲ್ಕು ವರ್ಷದ ಹಿಂದೆ ನಾವು ಗೆಳೆಯರು ಒಂದು ಹಾರುವ ಓತಿಯನ್ನು ಹಿಡಿದಿದ್ದೆವು. ಇಬ್ಬರು ಎರಡು ಕಡೆಯಿಂದ ಪೊರೆಯನ್ನು ಬೆರಳಲ್ಲಿ ಎಳೆದು ಹಿಡಿದರು, ನಾನು ವಿಡಿಯೊ ಮಾಡಿದೆ. ಸಾವಿರಾರು ಜನ ಮೆಚ್ಚಿದರು. ಬಿಟ್ಟಾಗ ಅದು ಹಾರಲಿಲ್ಲ, ನೆಲದಲ್ಲಿ ತೆವಳಿ ಪೊದೆಯೊಳಗೆ ಹೋಯಿತು. ಬಹಳ ದಿನ ಆ ದೃಶ್ಯ ಕಣ್ಣಿನಿಂದ ಹೋಗಲಿಲ್ಲ. ವಿಡಿಯೊ ಅಳಿಸಿದೆ. ಆದರೆ ಅದು ಎಷ್ಟು ಮೊಬೈಲ್‌ಗಳಲ್ಲಿ ಇನ್ನೂ ಓಡುತ್ತಿದೆಯೋ, ಅದನ್ನು ನೋಡಿ ಎಷ್ಟು ಜನ ಹಾಗೆಯೇ ಮಾಡಿದರೋ.

ಆ ಪೊರೆ ಬರೀ ಚರ್ಮವೆಂದು ತಿಳಿದಿದ್ದೆ. ಅಲ್ಲವಂತೆ. ಸರ್, ಸ್ವಲ್ಪ ವಿವರಿಸುತ್ತೀರಾ?

ಜೀವಜಾಲ, ಕುಮಟಾ
ಏಪ್ರಿಲ್ 20, ರಾತ್ರಿ 9:15

ತಮ್ಮಾ, ನೀನು ಹೇಳಿದ್ದರಿಂದ ನಾಲ್ಕು ಜನ ಕೈ ಹಿಂದೆ ತೆಗೆದಾರು.

ಆ ಪೊರೆಯೊಳಗೆ ಇರುವುದು ಪಕ್ಕೆಲುಬುಗಳು. ನಮ್ಮಲ್ಲಿ ಎದೆಗೂಡಾಗಿ ಬಾಗಿರುವ ಎಲುಬುಗಳೇ ಇಲ್ಲಿ ಉದ್ದವಾಗಿ ಪಕ್ಕಕ್ಕೆ ಬೆಳೆದು, ಕೊಡೆಯ ಕಡ್ಡಿಗಳಂತೆ ಪೊರೆಯನ್ನು ಬಿಚ್ಚುತ್ತವೆ, ಮಡಚುತ್ತವೆ. ಅಂದರೆ ಎಳೆದು ಹಿಡಿದಾಗ ನಾವು ಎಳೆಯುವುದು ಅದರ ಎದೆಯ ಎಲುಬನ್ನೇ. ಇಡೀ ಪ್ರಾಣಿ ಬಾಲ ಸೇರಿ 23 ಸೆಂಟಿಮೀಟರ್ ಇದ್ದೀತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಎಲುಬುಗಳು ಎಷ್ಟು ತೆಳುವೆಂದು ಊಹಿಸಿ.

ಇನ್ನೂ ಸೊಗಸಾದ ಸಂಗತಿಯಿದೆ. ಮುಂಗಾಲುಗಳನ್ನು ಇದು ಹಾರುವಾಗ ಏನು ಮಾಡುತ್ತದೆಂದು ಬಹುಕಾಲ ಯಾರೂ ಸರಿಯಾಗಿ ಗಮನಿಸಿರಲಿಲ್ಲ. ಜರ್ಮನಿಯ ಸಂಶೋಧಕ ಡೆಹ್ಲಿಂಗ್ ಇದೇ ಪ್ರಭೇದವನ್ನು ನಮ್ಮ ಪಶ್ಚಿಮ ಘಟ್ಟದಲ್ಲಿಯೇ ಕುಳಿತು ನೋಡಿ, ಛಾಯಾಚಿತ್ರ ತೆಗೆದು 2017ರಲ್ಲಿ ಪ್ರಕಟಿಸಿದರು. ಮರದಿಂದ ಜಿಗಿದ ಮರುಗಳಿಗೆಯಲ್ಲಿ ಓತಿ ಮುಂಗಾಲುಗಳನ್ನು ಹಿಂದಕ್ಕೆ ತಂದು, ಪೊರೆಯ ಮುಂಚೂಣಿಯ ಅಂಚನ್ನು ಉಗುರುಗಳಲ್ಲಿ ಹಿಡಿದುಕೊಳ್ಳುತ್ತದೆ. ಇಳಿಯುವವರೆಗೂ ಬಿಡುವುದಿಲ್ಲ. ಎಲುಬು ಪೊರೆಯನ್ನು ಬಿಚ್ಚಿದರೆ, ಕೈ ಅದನ್ನು ಎಳೆದು, ತಿರುಗಿಸಿ ದಿಕ್ಕು ಹಿಡಿಯುತ್ತದೆ. ಮರ ಹತ್ತಿರ ಬಂದಾಗ ಅಂಚನ್ನು ಬಿಟ್ಟು ಕೈ ಮುಂದೆ ಚಾಚಿ ಕಾಂಡವನ್ನು ಅಪ್ಪುತ್ತದೆ. ಅಂಗಳದಲ್ಲಿ ಹೆಗಲ ಮೇಲಿನ ಟವೆಲನ್ನು ಎರಡು ಕೈಯಲ್ಲಿ ಹಿಡಿದು ಓಡುವ ಮಕ್ಕಳನ್ನು ನೋಡಿದ್ದೀರಲ್ಲ, ಹಾಗೆ.

ಘಟ್ಟದಕೆಳಗೆ, ಅಂಕೋಲಾ
ಏಪ್ರಿಲ್ 21, ಬೆಳಗ್ಗೆ 11:20

ನಾನು ಲಾರಿ ಓಡಿಸುವವನು. ಓದಿದ್ದು ಕಡಿಮೆ. ಆದರೆ ದೇವಿಮನೆ ಘಟ್ಟವನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ರಸ್ತೆ ಅಗಲವಾಗುವ ಮೊದಲು ಎಷ್ಟೋ ಕಡೆ ಎರಡೂ ಬದಿಯ ಮರಗಳು ನೆತ್ತಿಯ ಮೇಲೆ ಕೂಡುತ್ತಿದ್ದವು. ಒಮ್ಮೆ ಟಯರ್ ಪಂಕ್ಚರ್ ಆಗಿ ನಿಂತಿದ್ದಾಗ ಈ ಓತಿ ನನ್ನ ತಲೆಯ ಮೇಲಿಂದ ಆಚೆ ಮರಕ್ಕೆ ತೇಲಿತು. ಒಣಗಿದ ಎಲೆ ಬಿತ್ತೆಂದುಕೊಂಡೆ, ಎಲೆ ತಿರುಗಿ ಮರ ಹತ್ತಿತು. ಈಗ ಅಂಥ ಜಾಗಗಳಲ್ಲಿ ಮೇಲೆ ಬರೀ ಆಕಾಶ. ಮೇಷ್ಟ್ರು ಹೇಳಿದ ಶಾಲೆಯ ಬಯಲಿನ ಕಥೆ ಓದಿದಾಗ ಇದು ನೆನಪಾಯಿತು. ರೆಕ್ಕೆ ಬಡಿಯುವ ಪ್ರಾಣಿಯಲ್ಲವಲ್ಲ, ಹೊರಟ ಎತ್ತರವನ್ನು ಕಳೆದುಕೊಳ್ಳುತ್ತಲೇ ಹೋಗಬೇಕು. ನಡುವಿನ ಜಾಗ ಹೆಚ್ಚಾದರೆ ಬಂದು ಬೀಳುವುದು ಡಾಂಬರಿನ ಮೇಲೆ, ನಮ್ಮ ಚಕ್ರದ ಮುಂದೆ. ನಾನು ಬ್ರೇಕ್ ಹಾಕಿದರೂ ಹಿಂದಿನವನು ಹಾಕಬೇಕಲ್ಲ.

ರಸ್ತೆ ಬೇಡವೆನ್ನಲು ನನ್ನ ಹೊಟ್ಟೆ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ದಿನಗಟ್ಟಲೆ ನಿಂತವನಿಗೆ ಒಳ್ಳೆಯ ರಸ್ತೆಯ ಬೆಲೆ ಗೊತ್ತು. ಆದರೆ ಸೇತುವೆ, ಮೋರಿಗಳಿಗೆ ನಕ್ಷೆ ಬರೆಯುವವರು ಫರ್ಲಾಂಗಿಗೆ ಒಂದು ಕಡೆಯಾದರೂ ಎದುರುಬದುರು ಎತ್ತರದ ಮರಗಳನ್ನು ಉಳಿಸುವ ನಕ್ಷೆಯನ್ನೂ ಬರೆಯಲಾರರೇ?

ಬೆಟ್ಟಸೊಪ್ಪು, ಸಿದ್ದಾಪುರ
ಏಪ್ರಿಲ್ 22, ರಾತ್ರಿ 8:00

ಅಂಕೋಲೆಯ ತಮ್ಮನ ಮಾತು ಮನಸ್ಸಿಗೆ ನಾಟಿತು. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಔಷಧಿ ಹೊಡೆಯುವುದನ್ನು ನಾನು ನಿಲ್ಲಿಸುವುದಿಲ್ಲ. ಸಾಲ ತೀರಬೇಕು. ಆದರೆ ನಮ್ಮ ತೋಟಕ್ಕೂ ಅಪ್ಪಯ್ಯನ ತೋಟಕ್ಕೂ ಏನು ವ್ಯತ್ಯಾಸವೆಂದು ನೆನೆದು ನೋಡಿದೆ. ಆಗ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು. ಬೆಟ್ಟದ ಮರಗಳು ತೋಟದ ಅಂಚಿನವರೆಗೆ ಇಳಿದು ಬರುತ್ತಿದ್ದವು. ಈಗ ಬೆಟ್ಟಕ್ಕೂ ತೋಟಕ್ಕೂ ನಡುವೆ ನಾನೇ ಜೆಸಿಬಿ ತಿರುಗಲು ದಾರಿ ಮಾಡಿಸಿದ್ದೇನೆ. ಆಗ ಕಳೆಯನ್ನು ಕೈಯಿಂದ ಸವರುತ್ತಿದ್ದರು, ಬುಡದಲ್ಲಿ ಏನಿದೆಯೆಂದು ಕಣ್ಣಿಗೆ ಬೀಳುತ್ತಿತ್ತು. ಈಗ ಯಂತ್ರ. ಹಾವು ತುಂಡಾದರೂ ಓಡಿಸುವವನಿಗೆ ತಿಳಿಯುವುದಿಲ್ಲ. ಕಳೆನಾಶಕವನ್ನು ಮೂರು ವರ್ಷ ಹೊಡೆಸಿದೆ. ಬಾವಿ ತೋಟದ ಕೆಳಗಿದೆ, ಮನೆಯವರು ಹೆದರಿದರು, ಬಿಟ್ಟೆ. ಓತಿಗಾಗಿ ಬಿಟ್ಟದ್ದಲ್ಲ.

ಮೈಲುತುತ್ತು, ಸುಣ್ಣದ ಬೋರ್ಡೋ ಹೊಡೆದೂ ಓತಿ ಉಳಿದಿದೆ ಎಂದು ಬರೆದಿದ್ದೆನಲ್ಲ, ಇಂದು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗೌಡನನ್ನು ಕೇಳಿದೆ. ಮರದ ತುದಿಯನ್ನು ಅವನಷ್ಟು ಬಲ್ಲವರು ಯಾರು? ಮೇಲಿನ ತೋಟದಲ್ಲಿ ಓತಿ ಕಂಡು ಬಹಳ ವರ್ಷವಾಯಿತು ಎಂದ. ಕೆಳಗಿನ, ಹೊಳೆಯ ಬದಿಯ ತೋಟದಲ್ಲಿ ಇದೆಯಂತೆ. ಕೆಳಗಿನದಕ್ಕೂ ನಾನು ಅಷ್ಟೇ ಔಷಧಿ ಹೊಡೆಸುತ್ತೇನೆ. ಜೆಸಿಬಿ ದಾರಿ ಇರುವುದು ಮೇಲಿನದಕ್ಕೆ.

ಕಾಳಿತೀರ, ಕಾರವಾರ
ಏಪ್ರಿಲ್ 22, ರಾತ್ರಿ 9:05

ಹೆಗಡೆಯವರೋ ಭಟ್ಟರೋ ಗೊತ್ತಿಲ್ಲ, ಅಣ್ಣ ಎನ್ನುತ್ತೇನೆ. ಅಣ್ಣ, ದಾರಿಯೊಂದೇ ಕಾರಣವೆಂದು ನಾನು ಖಂಡಿತವಾಗಿ ಹೇಳಲಾರೆ. ಆದರೆ ಆ ದಾರಿಯ ಎರಡೂ ಬದಿಗೆ ಈ ಮಳೆಗಾಲದಲ್ಲಿ ನಾಲ್ಕು ಸಸಿ ನೆಟ್ಟರೆ ಜೆಸಿಬಿಗೇನೂ ತೊಂದರೆಯಿಲ್ಲ. ವಾಟೆ, ಮುರುಗಲು, ಹಲಸು, ನಿಮ್ಮ ಬೆಟ್ಟದಲ್ಲಿ ಇರುವುದೇ ಆಗಲಿ. ಮುರುಗಲು ನೆಟ್ಟರೆ ಪಾನಕಕ್ಕೂ ಆಯಿತು. ಬೇಗ ಬೆಳೆಯುತ್ತದೆಂದು ಅಕೇಶಿಯಾ ಮಾತ್ರ ಬೇಡ.

ಬೆಟ್ಟಸೊಪ್ಪು, ಸಿದ್ದಾಪುರ
ಏಪ್ರಿಲ್ 22, ರಾತ್ರಿ 9:20

ಮುರುಗಲು ಸಸಿ ಮನೆಯಲ್ಲೇ ಇದೆ. ನೆಡುತ್ತೇನೆ.

ತೋಟದಮನೆ, ಶಿರಸಿ
ಮೇ 27, ರಾತ್ರಿ 7:40

ಒಂದು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಚೌಕ ಹಾಗೆಯೇ ಇದೆ. ನಿನ್ನೆ ಸಂಜೆಯ ಗುಡುಗು ಮಳೆಗೆ ಕಾದಿಗೆ ತುಂಬಿ ಬರಣದ ಅಂಚಿನವರೆಗೆ ನೀರು ಬಂದಿತ್ತು. ಟಾರ್ಚ್ ಹಿಡಿದು ಹೋಗಿ, ಗುದ್ದಲಿಯಿಂದ ಕಾದಿಗೆಯ ಕಸ ಎಳೆದು ನೀರು ಬಿಡಿಸಿದೆ. ಮಗಳೂ ಜೊತೆಗೆ ಬಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 8ಕ್ಕೆ ಅವಳು ಹಸಿರು ಸುತ್ತು ಹಾಕಿಟ್ಟಿದ್ದಾಳೆ.

ಇನ್ನೊಂದು ಚಿಂತೆ. ಜೂನ್ ಮೊದಲ ವಾರ ಬೋರ್ಡೋ ಸಿಂಪರಣೆ. ಅದನ್ನು ತಳ್ಳಿದರೆ ಮಳೆ ಹಿಡಿದುಬಿಡುತ್ತದೆ. ಬೇರೆ ತೋಟಗಳವರೂ ಅದೇ ಕೊನೆಗೌಡನನ್ನು ಕಾಯುತ್ತಿದ್ದಾರೆ.

ಜೀವಜಾಲ, ಕುಮಟಾ
ಮೇ 27, ರಾತ್ರಿ 8:25

ಸಿಂಪರಣೆ ಮಾಡಿಸಿ, ಅಕ್ಕ. ಆ ನಾಲ್ಕು ಮರಗಳಿಗೆ ಹೊಡೆಯುವಾಗ ಮಾತ್ರ ಚೌಕದ ಮೇಲೆ ಇನ್ನೆರಡು ಹಾಳೆ ಹೊದಿಸಿ, ಮುಗಿದ ಕೂಡಲೇ ತೆಗೆಯಿರಿ. ದ್ರಾವಣ ತೊಟ್ಟಿಕ್ಕಿ ಮಣ್ಣಿಗೆ ಇಳಿಯದಿದ್ದರೆ ಸಾಕು. ಪೈಪು ಎಳೆಯುವವರ ಕಾಲು ಅಲ್ಲಿ ಬೀಳದಂತೆ ಒಬ್ಬರು ನಿಂತಿರಿ.

ತೋಟದಮನೆ, ಶಿರಸಿ
ಜೂನ್ 11, ಬೆಳಗ್ಗೆ 10:30

8ಕ್ಕೆ ಏನೂ ಇರಲಿಲ್ಲ. 9ಕ್ಕೂ ಇಲ್ಲ. ಮಗಳು ಶಾಲೆಗೆ ಹೋಗುವ ಮೊದಲು ದಿನವೂ ಓಡಿ ಹೋಗಿ ನೋಡಿ ಬರುತ್ತಿದ್ದಳು. ಇಂದು ಬೆಳಗ್ಗೆ ಅವಳೇ ಕೂಗಿದಳು.

ಮಣ್ಣು ಒಂದು ಕಡೆ ಕುಸಿದಿದೆ. ಕಿರುಬೆರಳು ಹೋಗುವಷ್ಟು ತೂತು. ಪಕ್ಕದಲ್ಲಿ ಒದ್ದೆ ಕಾಗದದಂಥ ಚಿಪ್ಪಿನ ಚೂರು ಸಿಕ್ಕಿತು. ಮರಿ ಕಾಣಲಿಲ್ಲ. ಇರುವೆ ಮುತ್ತಿಲ್ಲ, ಉಡ ಕೆದಕಿದ ಗುರುತೂ ಇಲ್ಲ. ಆದರೂ ಮರಿಗಳೇ ಹೊರಬಂದವೆಂದು ಹೇಗೆ ಹೇಳಲಿ ಎಂದು ನಿಂತಿದ್ದೆ. ಪಕ್ಕದ ಸಾಲಿನಲ್ಲಿ ಮರದ ಮೇಲಿದ್ದ ಕೊನೆಗೌಡರು ಮಾತಾಡದೆ ಕೈ ತೋರಿಸಿದರು. ಕಾಳುಮೆಣಸಿನ ಬಳ್ಳಿ ಹಬ್ಬಿದ ಕಾಂಡದಲ್ಲಿ, ಆಳೆತ್ತರದ ಮೇಲೆ, ತೊಗಟೆಯದೇ ಬಣ್ಣದ, ನನ್ನ ಬೆರಳಿಗಿಂತ ಚಿಕ್ಕದೊಂದು ಜೀವ ಅಂಟಿ ಕುಳಿತಿತ್ತು. ಒಂದೇ ಕಂಡಿತು. ಮಗಳು ಫೋಟೊ ತೆಗೆಯಲೇ ಎಂದು ಕೇಳಿದಳು, ಬೇಡ ಎಂದೆ. ನಾವು ನೋಡುತ್ತಿದ್ದ ಹಾಗೆಯೇ ಅದು ಬಳ್ಳಿಯ ಎಲೆಯ ಹಿಂದೆ ಸರಿಯಿತು.

ಉಳಿದವು ಒಳಗಿದ್ದರೂ ಇರಬಹುದೆಂದು ಹಾಳೆ ತೆಗೆದಿಲ್ಲ. ಇನ್ನೊಂದು ವಾರ ಆ ಬರಣಕ್ಕೆ ಯಾರೂ ಇಳಿಯುವುದಿಲ್ಲ.